ಇನ್ನೆರಡು ಚೀಲ ಒಗಿ

ಇವತ್ತು ಮುಂಜಾನೆ ಸಿಂಧನೂರಿನ ಗೊಬ್ಬರದ ಅಂಗಡಿಯೊಂದರ ಮುಂದೆ ನಿಂತಿದ್ದೆ. ನಮ್ಮೂರ ಹುಡುಗನೊಬ್ಬ ನೆಲ್ಲಿನ, ಅಂದರೆ ಭತ್ತದ, ಸಸಿ ಕಿತ್ತು ತಂದಿದ್ದ. ಹಚ್ಚಿ ಇಪ್ಪತ್ತು ದಿನ ಆಗಿದೆ, ಗಿಡ ಎದ್ದಿಲ್ಲ, ಕೆಳಗಿನ ಎಲೆ ಮೇಲೆಲ್ಲ ತುಕ್ಕು ಸಿಡಿದಂಥ ಕಂದು ಚುಕ್ಕಿ. ಅಂಗಡಿಯವ ಸಸಿ ಕಡೆ ಕಣ್ಣೆತ್ತಲೂ ಇಲ್ಲ. "ಶಕ್ತಿ ಸಾಲವಲ್ದು ತಮ್ಮಾ, ಇನ್ನೆರಡು ಚೀಲ ಡಿಎಪಿ ಒಗಿ." ಡಿಎಪಿ ಅಂದರೆ ಸಾರಜನಕ, ರಂಜಕದ ಗೊಬ್ಬರ. ಜತೆಗೊಂದು ಟಾನಿಕ್ ಬಾಟ್ಲಿ. ಉದ್ರಿ ಪುಸ್ತಕಕ್ಕೆ ಸಹಿ ಬಿತ್ತು.

ಅಲ್ರೀ, ಅದು ಜಿಂಕ್ ಕೊರತೆ! ನಮ್ಮ ಎರೆಭೂಮಿಯ ರಸಸಾರ, ಅದೇ ಪಿಎಚ್, ಎಂಟು ದಾಟಿ ಕೂತಿದೆ; ಏಳು ದಾಟಿದರೆ ಮಣ್ಣು ಕ್ಷಾರ. ಅದು ಒಂದು ಅಂಕಿ ಏರಿದರೆ ಕರಗುವ ಜಿಂಕ್ ಸುಮಾರು 100 ಪಟ್ಟು ಇಳಿಯುತ್ತದೆ. ಮಣ್ಣಲ್ಲಿ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಡಿಎಪಿಯ ರಂಜಕಕ್ಕೂ ಅದೇ ಗತಿ, ಸುಣ್ಣಕ್ಕೆ ಅಂಟಿ ಗಟ್ಟಿಯಾಗುತ್ತದೆ. ಅತಿಯಾಗಿ ಸುರಿದರಂತೂ ಇದ್ದಬದ್ದ ಜಿಂಕ್‌ಗೂ ಅಡ್ಡಗಾಲು. ಬ್ಯಾನಿ ಹೆಚ್ಚಿಸುವುದನ್ನೇ ಔಷಧ ಅಂತ ಮಾರಿದ. ಭಾರಿ ವ್ಯಾಪಾರ!

"ನಮ್ಮಪ್ಪ ಏನ್ ಮಣ್ಣು ಪರೀಕ್ಷೆ ಮಾಡಿಸಿದ್ನಾ? ಬೆಳೀಲಿಲ್ಲೇನು?" ಅಂತ ಕಾಮೆಂಟ್ ಹಾಕುವವರು ಇದ್ದೇ ಇದ್ದೀರಿ. ಬೆಳೆದ, ಹೌದು. ನಿಮ್ಮಪ್ಪ ವರ್ಷಾ ಬಂಡಿಗಟ್ಟಲೆ ತಿಪ್ಪೆಗೊಬ್ಬರ ಹೇರಿದ. ನೀವು ಕೊಯ್ಲು ಮಿಷನ್ ಹೊರಟ ಮರುದಿನವೇ ಹುಲ್ಲಿಗೆ ಕಡ್ಡಿ ಗೀರುತ್ತೀರಿ.

ಸಿಟ್ಟು ಬರುವುದು ಅದಕ್ಕೇ. ನೀರು ನಿಂತ ಗದ್ದೆಯಲ್ಲಿ ಸೂಕ್ಷ್ಮಜೀವಿಗಳು ಉಸಿರು ಬಿಡುತ್ತವಲ್ಲ, ಆ ಇಂಗಾಲದ ಡೈಆಕ್ಸೈಡ್ ನೀರಲ್ಲಿ ಕರಗಿ ರಸಸಾರವನ್ನು ಏಳರ ಕಡೆಗೆ ಎಳೆಯುತ್ತದೆ, ಕಟ್ಟಿಬಿದ್ದ ರಂಜಕವೂ ಒಂದಿಷ್ಟು ಸಡಿಲಾಗುತ್ತದೆ. ಬಿಟ್ಟಿ ಚಾಕರಿ! ಆದರೆ ಅವಕ್ಕೂ ಹೊಟ್ಟೆಗೆ ಬೇಕಲ್ಲ? ಅವು ತಿನ್ನಬೇಕಾದ ಹುಲ್ಲನ್ನು ಸುಟ್ಟು, ಅವು ಮಾಡುತ್ತಿದ್ದ ಕೆಲಸಕ್ಕೆ ಅಂಗಡಿಯಲ್ಲಿ ಸಾಲ ಮಾಡುತ್ತೇವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಸವಳು ನೆಲದ ಚಿಂತೆಯನ್ನೂ ಮಾಡುತ್ತದೆ. ಯಾರಿಗೆ ಬೇಕು? ಅಂಗಡಿಯವನೇ ನಮ್ಮ ವಿಜ್ಞಾನಿ.

"ಸುಡುತ್ತೀರಿ" ಅಂದೆನಲ್ಲ, ಕಳೆದ ನವೆಂಬರಿನಲ್ಲಿ ನಾನೂ ಕಡ್ಡಿ ಗೀರಿದವನೇ. ಆಳು ಸಿಗಲಿಲ್ಲ, ಬೇಸಿಗೆ ಬೆಳೆಗೆ ಹೊತ್ತಾಗಿತ್ತು. ನನ್ನ ಮಣ್ಣು ಆರೋಗ್ಯ ಕಾರ್ಡೂ ಮನೆಯಲ್ಲೇ ಇದೆ: ರಸಸಾರ 8.6, ಜಿಂಕ್ ಕಡಿಮೆ. ಅದರ ಹಿಂಬದಿಯಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆದಿದ್ದಾಳೆ. ಆ ಬದಿಯನ್ನಾದರೂ ಯಾರೋ ಓದುತ್ತಾರೆ.

ಹುಡುಗನನ್ನು ಹೊರಗೆ ಕರೆದು ಹೇಳಿದೆ: "ಚೀಲ ವಾಪಸ್ ಕೊಡು. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ತಿಳಿ ಸೋಸಿ ಹೊಡಿ. ಮುಂದಿನ ಸಲ ಹಚ್ಚೋಕಿಂತ ಮೊದಲೇ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಮಣ್ಣಿಗೆ ಹಾಕು, ಡಿಎಪಿ ಜತಿ ಕಲಸಬ್ಯಾಡ."

ಗಮನಕೊಟ್ಟು ಕೇಳಿಸಿಕೊಂಡ. ಆಮೇಲೆ ಬೈಕಿಗೆ ಚೀಲ ಬಿಗಿಯುತ್ತಾ ಅಂದ: "ಆತ ಉದ್ರಿ ಕೊಡ್ತಾನ. ನೀ ಕೊಡ್ತಿಯೇನ್ ಕಾಕಾ?"