ಬೆರಳು ಮಡಿಸುವ ಇತಿಹಾಸ

ಸಮಾಜ ವಿಜ್ಞಾನದ ಪ್ರಶ್ನೆಗಳಿಗೆ ಮಾತ್ರ ವಯಸ್ಸಾಗುವುದಿಲ್ಲ ನೋಡಿ. ನಾವು ಓದುವಾಗ ಇದ್ದ 'ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳಾವುವು?' ಇವತ್ತೂ ಇದೆ. '1857ರ ದಂಗೆಯ ವಿಫಲತೆಗೆ ಕಾರಣಗಳೇನು?' ಅದೂ ಇದೆ. ಮನೆಯಲ್ಲಿ ಹತ್ತನೇ ಕ್ಲಾಸಿನವರು ಒಬ್ಬರಿದ್ದರೆ ಸಾಕು, ಜನವರಿಯಿಂದಲೇ ಬ್ರಿಟಿಷರ ಕಾಲದ ಗವರ್ನರ್ ಜನರಲ್ ಡಾಲ್‌ಹೌಸಿ ನಮ್ಮನೆಗೆ ಬಂದು ಕೂರುತ್ತಾನೆ.

ನಮ್ಮಲ್ಲಿ ಉತ್ತರ ಒಪ್ಪಿಸಿಕೊಳ್ಳುವ ಕೆಲಸ ನನ್ನದು. ತಮ್ಮನ ಮಗಳು ಗೈಡನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ಬೆರಳು ಮಡಿಸುತ್ತಾ ಶುರು ಮಾಡುತ್ತಾಳೆ. ಇಡೀ ದೇಶಕ್ಕೆ ಹಬ್ಬಲಿಲ್ಲ, ಒಗ್ಗಟ್ಟಿರಲಿಲ್ಲ, ಸರಿಯಾದ ಯೋಜನೆ ಇರಲಿಲ್ಲ, ಒಬ್ಬ ನಾಯಕ ಇರಲಿಲ್ಲ. ನಾಲ್ಕು ಬೆರಳು ಮಡಿಸಿದರೆ ದಂಗೆ ಮುಗಿಯಿತು. ತಪ್ಪೇನಿಲ್ಲ ಬಿಡಿ. ಕಟ್ಟುಗಟ್ಟಲೆ ಪೇಪರ್ ತಿದ್ದುವವರು ಪಾಯಿಂಟ್ ಹುಡುಕದೆ ಕಥೆ ಓದುತ್ತಾ ಕೂತರೆ ರಿಸಲ್ಟ್ ಬರುವುದು ಯಾವಾಗ?

ರಾಜ್ಯಶಾಸ್ತ್ರ ಇನ್ನೂ ಸುಲಭ, ಬರೀ ಸಂಖ್ಯೆ. ಲೋಕಸಭೆಗೆ ನಿಲ್ಲಲು 25, ರಾಜ್ಯಸಭೆಗೆ 30, ರಾಷ್ಟ್ರಪತಿ ಆಗಲು 35. ಒಂದು ಸಂಜೆ 'ರಾಜ್ಯಸಭೆ ಕಾಯಂ ಸದನ, ಸದಸ್ಯರ ಅವಧಿ 6 ವರ್ಷ, 2 ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ' ಎಂದು ಒಪ್ಪಿಸುತ್ತಿದ್ದವಳು ತಟ್ಟನೆ ಕಣ್ಣು ಬಿಟ್ಟಳು. 'ದೊಡ್ಡಪ್ಪಾ, ಮೊದಲ್ನೇ ಸಲ ಎಲ್ಲರೂ ಒಟ್ಟಿಗೇ ಬಂದಿರ್ತಾರಲ್ವಾ? 2 ವರ್ಷಕ್ಕೇ ಹೋಗೋರು ಯಾರು ಅಂತ ಹೇಗೆ ಗೊತ್ತಾಯ್ತು?' 1952ರಲ್ಲಿ ಚೀಟಿ ಎತ್ತಿದರು ಕಣೇ ಎಂದರೆ, ಸುಮ್ನೆ ಹೇಳ್ಬೇಡಿ ಎಂದು ನಕ್ಕಳು.

ಆದರೆ ಅವಳು ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಜಾಸ್ತಿ ಹೊತ್ತು ಹಿಡಿದು ಕೂರಿಸಿತು. ಸ್ವಂತ ಮಗನಿಲ್ಲದ ರಾಜ ಸತ್ತರೆ ದತ್ತು ಮಗನಿಗೆ ಪಟ್ಟವಿಲ್ಲ, ರಾಜ್ಯ ಈಸ್ಟ್ ಇಂಡಿಯಾ ಕಂಪನಿಗೆ ಎನ್ನುವ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ತಂದವನು ಡಾಲ್‌ಹೌಸಿ, 1848ರಲ್ಲಿ. ಸತಾರ ಹೋಯಿತು, ಝಾನ್ಸಿ ಹೋಯಿತು, ನಾಗಪುರ ಹೋಯಿತು. ಸರಿ, ಹಾಗಾದರೆ ಕಿತ್ತೂರಿನ ಕಥೆ ಏನು ಎಂಬುದು ಅವಳ ಪ್ರಶ್ನೆ. ಅಲ್ಲಿಗೆ ದತ್ತು ಬಂದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಚೆನ್ನಮ್ಮ ಬಗ್ಗಲಿಲ್ಲ, 1824ರ ಅಕ್ಟೋಬರ್ 23ರ ಕದನದಲ್ಲಿ ಥ್ಯಾಕರೆ ಸತ್ತ. ಆಗ ಡಾಲ್‌ಹೌಸಿಗೆ 12 ವರ್ಷ! ಅಂದರೆ ಕಂಪನಿಗೆ ಈ ಚಾಳಿ ಮೊದಲಿನಿಂದಲೂ ಇತ್ತು, ಲಾಭ ಕಂಡ ಕಡೆ 'ದತ್ತು ನಡೆಯಲ್ಲ' ಎನ್ನುತ್ತಿತ್ತು, ಡಾಲ್‌ಹೌಸಿ ಅದನ್ನೇ ನಿಯಮ ಮಾಡಿಕೊಂಡು ಒಂದಾದ ಮೇಲೊಂದು ಸಂಸ್ಥಾನ ನುಂಗಿದ.

ಇನ್ನೂ ಮಜಾ ಇರುವುದು ಮೈಸೂರಿನಲ್ಲಿ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡರು. ಬ್ರಿಟಿಷರು ಮೀನಮೇಷ ಎಣಿಸಿದರೂ ಕೊನೆಗೆ ಒಪ್ಪಿದರು, 1881ರಲ್ಲಿ ಆ ದತ್ತು ಮಗ ಚಾಮರಾಜ ಒಡೆಯರಿಗೇ, ತಾವೇ ಆಳುತ್ತಿದ್ದ ರಾಜ್ಯವನ್ನು ವಾಪಸ್ ಕೊಟ್ಟರು. ಕಿತ್ತೂರಿಗೆ ಸಿಗದ್ದು ಮೈಸೂರಿಗೆ ಹೇಗೆ ಸಿಕ್ಕಿತು? ನಡುವೆ 1857 ಆಗಿತ್ತು. ನಾಲ್ಕು ಬೆರಳು ಮಡಿಸಿ 'ವಿಫಲ' ಅನ್ನುತ್ತೇವಲ್ಲ, ಆ ದಂಗೆಯ ಬಿಸಿ ತಟ್ಟಿದ ಮೇಲೆಯೇ ಅವರು ದತ್ತು ನೀತಿ ಕೈಬಿಟ್ಟದ್ದು. ಪುಸ್ತಕದಲ್ಲಿ ಮಾತ್ರ ಕಿತ್ತೂರು ಒಂದು ಪಾಠ, ಡಾಲ್‌ಹೌಸಿ ಒಂದು ಪಾಠ, ಮೈಸೂರು ಮತ್ತೊಂದು.

ಇಷ್ಟೆಲ್ಲ ಕೇಳಿಸಿಕೊಂಡು ಅವಳು 'ಇದು ಎಷ್ಟು ಮಾರ್ಕಿಗೆ ಬರುತ್ತೆ ದೊಡ್ಡಪ್ಪಾ?' ಎಂದಳು. ಬರಲ್ಲಮ್ಮಾ, ನೀನು 1848, ಡಾಲ್‌ಹೌಸಿ ಅಂತಲೇ ಬರಿ ಎಂದೆ. ಕಿತ್ತೂರು ಬೇರೆ ಪ್ರಶ್ನೆ, ಅದಕ್ಕೆ ಮಾರ್ಕೂ ಬೇರೆ.