ಎಷ್ಟು ಟನ್ ಎತ್ತಿದ್ರಿ ಅಂತ ಕೇಳಬೇಡಿ, ರಿಜೆಕ್ಟ್ ಎಷ್ಟು ಅಂತ ಕೇಳಿ

ಮೈಸೂರಿನ ಕಸದ ಮಾತು ಬಂದರೆ ಎರಡೇ ರಾಗ. ಒಂದು, 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳಲ್ಲಿ ನಾವೇ ಮೊದಲು ಬಂದಿದ್ವಿ ಅನ್ನೋ ಹೆಮ್ಮೆ. ಇನ್ನೊಂದು, ಗಾಳಿ ತಿರುಗಿದ ಸಂಜೆ ವಿದ್ಯಾರಣ್ಯಪುರಂ, ಜೆ.ಪಿ. ನಗರದ ಕಡೆಯವರು ಊರಿನ ಕಸ ಸುರಿಯೋ ಸೂಯೇಜ್ ಫಾರ್ಮ್ ವಾಸನೆಗೆ ಕಿಟಕಿ ಮುಚ್ಚಿಕೊಂಡು ಹಾಕೋ ಶಾಪ. ಎರಡೂ ನಿಜವೇ. ಆದರೆ ನಮ್ಮ ಮನೆಯಿಂದ ಹೋದ ಕಸ ಕೊನೆಗೆ ಏನಾಯ್ತು ಅನ್ನೋದು ಎರಡರಿಂದಲೂ ಗೊತ್ತಾಗಲ್ಲ. ಗೊತ್ತಾಗಬೇಕಾದರೆ ಕೇಳಬೇಕಾದದ್ದು ಒಂದು ಲೆಕ್ಕ: ಗೊಬ್ಬರದ ಘಟಕಕ್ಕೆ ಹೋದ ಪ್ರತಿ ನೂರು ಕೆ.ಜಿ.ಯಲ್ಲಿ ಗೊಬ್ಬರವೂ ಆಗದೆ, ಗುಜರಿಗೂ ಹೋಗದೆ ಉಳಿದದ್ದೆಷ್ಟು? ಘಟಕದವರು ಇದನ್ನ ರಿಜೆಕ್ಟ್ ಅಂತಾರೆ. 

ಯಾವ ಊರಿನ ಪಾಲಿಕೆಯಾದರೂ ಮುಂದಿಡೋದು ದಿನಕ್ಕೆ ಎತ್ತಿದ ಟನ್ ಲೆಕ್ಕ, ಓಡಿದ ಟಿಪ್ಪರ್ ಲೆಕ್ಕ. ಅದರಲ್ಲಿ ಒಂದು ತೊಡಕಿದೆ. ಸಾಗಣೆಗೆ ತೂಕದ ಮೇಲೆ ದುಡ್ಡು ಕೊಡೋ ಕಡೆಯೆಲ್ಲಾ ವೇ ಬ್ರಿಡ್ಜ್ ಮೇಲೆ ಹೆಚ್ಚು ತೂಗೋದು ಬೇರ್ಪಡಿಸಿದ ಕಸ ಅಲ್ಲ. ಮಳೆಯಲ್ಲಿ ನೆನೆದ ಕಸ, ರಸ್ತೆ ಗುಡಿಸಿದ ಮಣ್ಣು, ಒಡೆದ ಗೋಡೆಯ ಇಟ್ಟಿಗೆ ಚೂರು. ಶುದ್ಧವಾಗಿ ತಂದವನ ಬಿಲ್ ಕಡಿಮೆ, ಕಲಬೆರಕೆ ತಂದವನ ಬಿಲ್ ಜಾಸ್ತಿ. ಹೀಗೆ ಲೆಕ್ಕ ಇಟ್ಟುಕೊಂಡು ಜನರಿಗೆ ಮಾತ್ರ ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಧ್ವನಿವರ್ಧಕದಲ್ಲಿ ಹಾಡು ಹಾಕಿದರೆ ಏನು ಬಂತು?

ಮೊದಲು ಟಿಪ್ಪರ್ ಲೆಕ್ಕ. ತಲೆಗೆ ದಿನಕ್ಕೆ 400 ಗ್ರಾಂ ಅಂತ ಹಿಡಿದರೆ ನಾಲ್ಕು ಜನರ ಮನೆಗೆ 1.6 ಕೆ.ಜಿ. ಕಸ. ಒಂದು ಆಟೋ ಟಿಪ್ಪರ್‌ಗೆ 700 ಮನೆ ಅಂದುಕೊಂಡರೆ 1,120 ಕೆ.ಜಿ. ಚಿಕ್ಕ ಟಿಪ್ಪರ್ ಹೊರೋದು ಸುಮಾರು 700 ಕೆ.ಜಿ., ಹಾಗಾಗಿ ಎರಡು ಟ್ರಿಪ್ ಬೇಕೇ ಬೇಕು. ಮನೆಗೆ ಅರ್ಧ ನಿಮಿಷ ನಿಂತರೂ 350 ನಿಮಿಷ, ಅಂದರೆ ಆರು ಗಂಟೆಗೆ ಹತ್ತೇ ನಿಮಿಷ ಕಡಿಮೆ. ಬೆಳಗ್ಗೆ ಹಾಜರಿ ಹಾಕಿ ಹೊರಟವರಿಗೆ ಆ ಅರ್ಧ ನಿಮಿಷದಲ್ಲೇ ಬಕೆಟ್ ಇಸ್ಕೊಂಡು, ಒಳಗೆ ಏನಿದೆ ನೋಡಿ, ಸುರಿದು, ವಾಪಸ್ ಕೊಡಬೇಕು. ಬೇರ್ಪಡಿಸದ ಕಸ ಬೇಡ ಅಂತ ಜಗಳ ಆಡೋಕೆ ಸಮಯ ಎಲ್ಲಿದೆ? ಅದಕ್ಕೇ ಕಲಬೆರಕೆ ಹಿಡಿದರೆ ಕೇಳೋ ಅಧಿಕಾರ ಪೌರಕಾರ್ಮಿಕರ ಮೇಲಿನ ಮೇಸ್ತ್ರಿಗೋ ಹೆಲ್ತ್ ಇನ್‌ಸ್ಪೆಕ್ಟರ್‌ಗೋ ಇರಬೇಕು, ಅವರು ಅದೇ ಬೀದಿಯಲ್ಲಿ ಇರಬೇಕು. ಪೌರಕಾರ್ಮಿಕರ ತಲೆಗೆ ಇದನ್ನ ಕಟ್ಟೋದು ಸರಿಯಲ್ಲ.

ಟಿಪ್ಪರ್ ಒಳಗೆ ಇನ್ನೊಂದು ತೊಂದರೆ ಇದೆ. ಮಧ್ಯೆ ತಗಡು ಹಾಕಿ ಎರಡು ಭಾಗ ಮಾಡಿರ್ತಾರೆ. ಹಸಿ ಕಸ ತೂಕ ಜಾಸ್ತಿ, ಜಾಗ ಕಡಿಮೆ. ಒಣ ಕಸ ತೂಕ ಇಲ್ಲ, ಆದರೆ ರಟ್ಟಿನ ಡಬ್ಬ, ಬಾಟಲಿ ಸೇರಿ ಅರ್ಧ ದಾರಿಗೇ ಆ ಕಡೆ ತುಂಬಿಹೋಗುತ್ತೆ. ಆಮೇಲೆ ಬಂದ ಒಣ ಕಸವೆಲ್ಲಾ ಹಸಿ ಮೇಲೇ ಬೀಳೋದು. ಜನ ಅದನ್ನ ಕಣ್ಣಾರೆ ನೋಡ್ತಾರೆ, ನಾವು ಬೇರೆ ಮಾಡಿ ಕೊಟ್ಟು ಏನು ಪ್ರಯೋಜನ ಅಂತ ಮಾರನೇ ದಿನದಿಂದ ಬಿಟ್ಟುಬಿಡ್ತಾರೆ. ಇದಕ್ಕೆ ಮದ್ದು ದೊಡ್ಡ ಗಾಡಿ ಅಲ್ಲ. ಹಸಿ ಕಸ ದಿನಾ, ಒಣ ಕಸ ವಾರಕ್ಕೆ ಎರಡೇ ದಿನ, ಆ ದಿನ ಬೇರೆ ಗಾಡಿ. ತೊಳೆದು ಒಣಗಿಸಿದ ಹಾಲಿನ ಕವರ್ ಮೂರು ದಿನ ಮನೆಯಲ್ಲಿದ್ದರೆ ಏನೂ ನಾರಲ್ಲ.

ಹಾಲಿನ ಕವರ್ ಅಂದಾಗ ಒಂದು ಸಣ್ಣ ವಿಷಯ. ಮೂಲೆ ಕತ್ತರಿಸುವಾಗ ಆ ತುಂಡನ್ನ ಪೂರ್ತಿ ಬಿಡಿಸಬೇಡಿ, ನೇತಾಡಿಕೊಂಡೇ ಇರಲಿ. ಉಗುರಿನಷ್ಟು ಆ ಪ್ಲಾಸ್ಟಿಕ್ ಚೂರು ಸಿಂಕ್ ಮೂಲೆಯಲ್ಲಿ ತರಕಾರಿ ಸಿಪ್ಪೆ ಜೊತೆ ಸೇರಿ ಹಸಿ ಬಕೆಟ್‌ಗೆ ಹೋಗುತ್ತೆ. ಘಟಕದ ಮೊದಲ ಜರಡಿ 35 ಮಿ.ಮೀ., ಅದರಲ್ಲಿ ಸಲೀಸಾಗಿ ಇಳಿಯುತ್ತೆ. ಮಡಚಿಕೊಂಡಿದ್ದರೆ ಮುಂದಿನದರಲ್ಲೂ ಇಳಿಯುತ್ತೆ.

ಈಗ ಘಟಕದ ಒಳಗೆ. ಹಸಿ ಕಸವನ್ನ ಉದ್ದದ ದಿಣ್ಣೆಯಾಗಿ ಹಾಕ್ತಾರೆ, ಅದಕ್ಕೆ ವಿಂಡ್‌ರೋ ಅಂತಾರೆ. ಬುಡ ಮೂರು ಮೀಟರ್ ಅಗಲ, ಎತ್ತರ ಎರಡರಿಂದ ಎರಡೂವರೆ ಮೀಟರ್. ಇದಕ್ಕಿಂತ ಎತ್ತರ ಆದರೆ ತನ್ನ ಭಾರಕ್ಕೆ ತಾನೇ ಅಮುಕಿಕೊಂಡು ಒಳಗೆ ಗಾಳಿ ಆಡಲ್ಲ. ತೀರಾ ಚಿಕ್ಕದಾದರೆ ಕಾವು ನಿಲ್ಲಲ್ಲ. ಸಗಣಿ ಬಗ್ಗಡ ಅಥವಾ ಜೀವಾಣು ಪುಡಿ ಚಿಮುಕಿಸಿ, ವಾರಕ್ಕೊಮ್ಮೆ ಜೆಸಿಬಿಯಲ್ಲಿ ಮಗುಚಬೇಕು. ನಾಲ್ಕರಿಂದ ಆರು ವಾರ ಮಗುಚಿ, ಆಮೇಲೆ ಜರಡಿ ಹಿಡಿದು, ಮತ್ತೆ ಕೆಲವು ವಾರ ಮಾಗೋಕೆ ಬಿಡಬೇಕು. ದಿಣ್ಣೆಯ ಒಳಗಿನ ಕಾವು 55ರಿಂದ 65 ಡಿಗ್ರಿ ಇರಬೇಕು, ಅದೂ ಒಂದೆರಡು ದಿನ ಅಲ್ಲ, ವಾರಗಟ್ಟಲೆ. ರೋಗಾಣು, ಕಳೆ ಬೀಜ ಸಾಯೋದು ಆ ಕಾವಿಗೇ. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೀರಿ. ಒಳಗಿದ್ದ ಭಾಗ ಕೈಯಲ್ಲಿ ಹಿಡಿಯೋಕಾಗದಷ್ಟು ಸುಡಬೇಕು. ತೇವಕ್ಕೂ ಹೀಗೇ: ಒಂದು ಹಿಡಿ ತಗೊಂಡು ಜೋರಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ಧಾರೆ ಇಳಿದರೆ ನೀರು ಜಾಸ್ತಿ, ಮುಷ್ಟಿ ಬಿಚ್ಚಿದ ತಕ್ಷಣ ಉದುರಿದರೆ ಕಡಿಮೆ.

ಕೆಡೋದು ಹೇಗೆ ಅನ್ನೋದು ಮೂಗಿಗೇ ತಿಳಿಯುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ. ಕಣ್ಣು ಉರಿಯೋ ಅಮೋನಿಯಾ ವಾಸನೆ ಬಂದರೆ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ. ನಮ್ಮ ಅಡುಗೆಮನೆ ಕಸದಲ್ಲಿ ಮುಕ್ಕಾಲು ಪಾಲು ನೀರೇ, ಒಂದು ಪಾಲು ಸಾರಜನಕಕ್ಕೆ ಇಂಗಾಲ 15–20 ಪಾಲಿನ ಆಸುಪಾಸು. ಬೇಕಾದದ್ದು 25–30. ಅಂದರೆ ಒಣಗಿದ ಎಲೆ, ಮರದ ಪುಡಿ, ತೆಂಗಿನ ನಾರಿನ ಪುಡಿ ಏನಾದರೂ ಬೆರೆಸಲೇಬೇಕು. ಮಳೆಗಾಲದಲ್ಲಂತೂ ಇದಿಲ್ಲದೆ ಆಗದು. ಆಷಾಢದ ಜಡಿಮಳೆಯಲ್ಲಿ ಚಾವಣಿ ಇಲ್ಲದ ದಿಣ್ಣೆ ಗೊಜ್ಜಾಗಿ, ಕೆಳಗೆ ಕಪ್ಪು ನೀರು ಹರಿದು, ಊರಿಗೆಲ್ಲಾ ನಾತ ಹಬ್ಬೋದು ಇದರಿಂದಲೇ.

ಈಗ ಇದಕ್ಕೆ ಜೋಡಿಸಿಕೊಂಡು ಇನ್ನೊಂದು ದೃಶ್ಯ ನೋಡಿ. ಮೈಸೂರಿನ ರಸ್ತೆಗಳಲ್ಲಿ ಸಾಲು ಸಾಲು ಮಳೆಮರ, ಗುಲ್‌ಮೊಹರ್. ಸಂಕ್ರಾಂತಿಯಿಂದ ಯುಗಾದಿವರೆಗೆ ಎಲೆ ಉದುರುತ್ತೆ. ಸಣ್ಣ ಎಲೆ, ಕತ್ತರಿಸೋ ಕೆಲಸವೂ ಇಲ್ಲ, ಗೊಬ್ಬರಕ್ಕೆ ಇದಕ್ಕಿಂತ ಒಳ್ಳೇ ಸಾಮಗ್ರಿ ಸಿಗಲ್ಲ. ಅದನ್ನ ಗುಡಿಸಿ ರಸ್ತೆ ಬದಿಯಲ್ಲೇ ಬೆಂಕಿ ಇಡ್ತೀವಿ! ಬೇಸಿಗೆಯಲ್ಲಿ ಸುಟ್ಟದ್ದನ್ನ ಮಳೆಗಾಲದಲ್ಲಿ ಹುಡುಕ್ತೀವಿ. 2016ರ ಘನತ್ಯಾಜ್ಯ ನಿಯಮದಲ್ಲೇ ಕಸ ಬಯಲಲ್ಲಿ ಸುಡೋದು ನಿಷಿದ್ಧ ಅಂತ ಇತ್ತು, ಅದು ಬೇರೆ ಮಾತು. ವಾರ್ಡುಗಳಲ್ಲಿ ಪಾರ್ಕ್ ಇವೆ. ಅದರ ಒಂದು ಮೂಲೆಯಲ್ಲಿ ಒಂದೂವರೆ ಮೀಟರ್ ಎತ್ತರದ ತಂತಿ ಬಲೆ ಕಟ್ಟಿ ತರಗೆಲೆ ತುಂಬಿ, ಮೇಲೆ ಟಾರ್ಪಾಲ್ ಹೊದಿಸಿದರೆ ಜೂನ್‌ವರೆಗೆ ಒಣಗೇ ಇರುತ್ತೆ. ನನ್ನ ಕೇಳಿದರೆ ಹೊಸ ಯಂತ್ರಕ್ಕಿಂತ ಮೊದಲು ಪಾಲಿಕೆ ಮಾಡಬೇಕಾದ ಕೆಲಸ ಇದು. ಖರ್ಚು ಏನೂ ಇಲ್ಲ ಅನ್ನೋ ಕಾರಣಕ್ಕೇ ಇದಕ್ಕೆ ಯಾರೂ ಆಸಕ್ತಿ ತೋರಿಸಲ್ಲವೇನೋ.

ಶುದ್ಧ ಹಸಿ ಕಸ ನೂರು ಕೆ.ಜಿ. ಹಾಕಿದರೆ ಸುಮಾರು ಇಪ್ಪತ್ತು ಕೆ.ಜಿ. ಗೊಬ್ಬರ, ಐದಾರು ಕೆ.ಜಿ. ರಿಜೆಕ್ಟ್, ಮಿಕ್ಕಿದ್ದು ಆವಿಯಾಗಿ, ಗಾಳಿಯಾಗಿ ಹೋಗುತ್ತೆ. ಕಲಬೆರಕೆ ಹಾಕಿದರೆ ಗೊಬ್ಬರ ಹದಿನೈದು ದಾಟಲ್ಲ, ರಿಜೆಕ್ಟ್ ಮೂವತ್ತು–ನಲವತ್ತಕ್ಕೆ ಏರುತ್ತೆ. ಆ ರಿಜೆಕ್ಟೇ ಗುಡ್ಡ ಆಗೋದು. ಅದರಲ್ಲಿ ಉರಿಯುವಂಥ ಪ್ಲಾಸ್ಟಿಕ್, ಬಟ್ಟೆಯನ್ನ ಸಿಮೆಂಟ್ ಕಾರ್ಖಾನೆಗೆ ಇಂಧನವಾಗಿ ಕಳಿಸಬಹುದು. ಕೆ.ಜಿ.ಗೆ 1,500 ಕಿಲೋ ಕ್ಯಾಲೊರಿಗಿಂತ ಹೆಚ್ಚು ಶಾಖ ಕೊಡೋದನ್ನ ನೆಲಭರ್ತಿಗೆ, ಅಂದರೆ ಕಸ ಹೂಳೋ ಜಾಗಕ್ಕೆ, ಹಾಕಬಾರದು ಅಂತಲೂ 2016ರ ನಿಯಮ ಹೇಳಿತ್ತು. ಆದರೆ ನಮ್ಮ ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿ ಇರೋದು ಕಲಬುರಗಿ ಕಡೆ. ಅಲ್ಲಿವರೆಗಿನ ಲಾರಿ ಬಾಡಿಗೆ ಕೊಟ್ಟು ಒದ್ದೆ ಪ್ಲಾಸ್ಟಿಕ್ ಸಾಗಿಸೋದು ಅಂದರೆ ಮೈಸೂರಿನ ನೀರನ್ನ ಕಲಬುರಗಿಗೆ ಹೊತ್ತ ಹಾಗೆ.

ಇನ್ನು ಗೊಬ್ಬರ ಕೊಳ್ಳೋರ ಕಡೆ ಬರೋಣ. ಕಾಗದದ ಮೇಲೆ ಎಲ್ಲಾ ಸುಲಭ: ಮೈಸೂರಿನಲ್ಲಿ ಗೊಬ್ಬರ, ಪಕ್ಕದ ಮಂಡ್ಯದಲ್ಲಿ ನಾಲೆ ಬಯಲಿನ ಭತ್ತ, ಕಬ್ಬು. 2016ರಲ್ಲಿ ಕೇಂದ್ರ ಸರ್ಕಾರ ನಗರ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವನ್ನೂ ಘೋಷಿಸಿತ್ತು. ಆದರೂ ರೈತರು ಯಾಕೆ ಮುಗಿಬೀಳಲಿಲ್ಲ? ಸೊಕ್ಕಿಗಲ್ಲ. ಭತ್ತದ ಗದ್ದೆಗೆ ನಾಟಿಗೆ ಇಳಿಯೋ ಹೆಂಗಸರು ಬರಿಗಾಲಲ್ಲಿ ಇಳೀತಾರೆ, ಮೊಣಕಾಲುದ್ದ ಕೆಸರಲ್ಲಿ ಕೈಯಾಡಿಸ್ತಾರೆ. ಅಲ್ಲಿ ಒಂದು ಬಳೆ ಚೂರು, ಟ್ಯೂಬ್‌ಲೈಟ್ ಗಾಜು ಸಿಕ್ಕರೆ ಸಾಕು, ಆ ಗದ್ದೆಗೆ ಮುಂದಿನ ಸಲ ಆಳು ಬರಲ್ಲ. 4 ಮಿ.ಮೀ. ಜರಡಿ ಹಿಡಿದರೂ ಗಾಜಿನ ಸಿವುರು ಇಳಿದೇ ಇಳಿಯುತ್ತೆ, ಯಾಕೆಂದರೆ ಜರಡಿ ನೋಡೋದು ಗಾತ್ರವನ್ನ, ಅದು ಗಾಜೋ ಗೊಬ್ಬರವೋ ಅದಕ್ಕೇನು ಗೊತ್ತು. ಭಾರದ ಚೂರನ್ನ ಬೇರೆ ಮಾಡೋ ಗಾಳಿ ಯಂತ್ರ ಇದ್ದರೆ ತಕ್ಕಮಟ್ಟಿಗೆ ಹೋಗುತ್ತೆ, ಪೂರ್ತಿ ಹೋಗಲ್ಲ. ಗಾಜನ್ನ ತಡೆಯೋ ಜಾಗ ಮನೆಯ ಬಕೆಟ್ ಒಂದೇ. ಒಡೆದ ಗಾಜು, ಬ್ಲೇಡು, ಸೆಲ್ಲು, ಬಲ್ಬು ಬೇರೆ ಡಬ್ಬದಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ಕೊಡಿ.

ಸೆಲ್ಲು ಯಾಕೆ ಅಂದರೆ ಅದರಿಂದ ಸೀಸ, ಕ್ಯಾಡ್ಮಿಯಂ ಬರುತ್ತೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಗೊಬ್ಬರದ ಕೆ.ಜಿ.ಯಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಸಾವಯವ ಇಂಗಾಲ ಶೇ. 12ಕ್ಕಿಂತ ಕಡಿಮೆ ಇರಬಾರದು. ಇಂಗಾಲ ಕಡಿಮೆ ಬರೋಕೆ ಮುಖ್ಯ ಕಾರಣ ಆಗಲೇ ಹೇಳಿದ ರಸ್ತೆ ಮಣ್ಣು. ಗುಡಿಸಿದ ಕಸ ಹಸಿ ಕಸದ ಗಾಡಿಗೆ ಬಿದ್ದರೆ ಗೊಬ್ಬರ ಹೆಸರಿಗೆ ಗೊಬ್ಬರ, ಒಳಗೆ ಅರ್ಧ ಮರಳು. ಮಂಡ್ಯದವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿ ಉಳಿಯೋ ಪ್ರೆಸ್‌ಮಡ್ ಗೊತ್ತು, ತಮ್ಮ ತಿಪ್ಪೆಗೊಬ್ಬರ ಗೊತ್ತು. ಒಂದು ಹಿಡಿ ತಗೊಂಡು ಅಂಗೈಯಲ್ಲಿ ಉಜ್ಜಿ ನೋಡಿದರೆ ಅವರಿಗೆ ಲ್ಯಾಬ್ ರಿಪೋರ್ಟ್ ಬೇಕಾಗಲ್ಲ.

ಹಾಗಾದರೆ ಘಟಕ ದೊಡ್ಡದಿರಬೇಕೋ ಚಿಕ್ಕದೋ? ನಮ್ಮೂರಿನ ಕುಂಬಾರಕೊಪ್ಪಲಿನಲ್ಲಿರೋ ಥರದ ವಾರ್ಡ್ ಮಟ್ಟದ ಶೂನ್ಯ ತ್ಯಾಜ್ಯ ಘಟಕದ ಪರವಾಗಿ ನನ್ನ ಓಟು. ಅಲ್ಲಿಗೆ ಬರೋ ಕಸ ಯಾವ ಬೀದಿಯದ್ದು ಅಂತ ಕೈಯಲ್ಲಿ ಆರಿಸೋರಿಗೆ ಗೊತ್ತಿರುತ್ತೆ. ಇವತ್ತು ಕಲಬೆರಕೆ ಬಂದರೆ ನಾಳೆ ಬೆಳಗ್ಗೆ ಆ ಬೀದಿಗೆ ಹೋಗಿ ಕೇಳಬಹುದು. ನೂರಾರು ಟನ್ನಿನ ಘಟಕದಲ್ಲಿ ಎಲ್ಲರ ಕಸ ಒಂದೇ ರಾಶಿ, ಯಾರನ್ನ ಕೇಳ್ತೀರಿ? ಚಿಕ್ಕ ಘಟಕಕ್ಕೂ ಕಷ್ಟ ಇದೆ. ಅಕ್ಕಪಕ್ಕದವರು ವಾಸನೆ ಅಂತ ದೂರು ಕೊಡ್ತಾರೆ, ಮೋಟಾರ್ ಸುಟ್ಟರೆ ರಿಪೇರಿಯವರು ಬರೋವರೆಗೆ ಎರಡು ದಿನದ ಕಸ ಕೂತಿರುತ್ತೆ. ಒಣ ಕಸ ಮಾರಿ ಬಂದ ದುಡ್ಡಲ್ಲಿ ಸಂಬಳ ಹೊರಡುತ್ತೆ ಅನ್ನೋ ಲೆಕ್ಕವೂ ನಿಲ್ಲಲ್ಲ, ಗುಜರಿ ರೇಟು ಬಿದ್ದ ತಿಂಗಳು ಕೈಕಚ್ಚುತ್ತೆ. ನಾವು ಆಸ್ತಿ ತೆರಿಗೆ ಜೊತೆ ಕಟ್ಟೋ ಘನತ್ಯಾಜ್ಯ ಸೆಸ್ ಅಲ್ಲಿಗೆ ಹೋಗಲಿ.

ಅಪಾರ್ಟ್‌ಮೆಂಟ್‌ನವರಿಗೆ ಒಂದು ಮಾತು. ದಿನಕ್ಕೆ 100 ಕೆ.ಜಿ. ಮೀರಿ ಕಸ ಬಂದರೆ ನೀವು ಬೃಹತ್ ಉತ್ಪಾದಕರು, ಹಸಿ ಕಸಕ್ಕೆ ಸಾಧ್ಯವಾದಷ್ಟೂ ನಿಮ್ಮಲ್ಲೇ ದಾರಿ ಮಾಡಿಕೊಳ್ಳಬೇಕು. ಅದಕ್ಕೆ ಅಂತ 24 ಗಂಟೆಯಲ್ಲಿ ಗೊಬ್ಬರ ಮಾಡೋ ಯಂತ್ರ ಮಾರೋಕೆ ಬರ್ತಾರೆ. ಅದು ಕಸವನ್ನ ಪುಡಿ ಮಾಡಿ, ಕಾಯಿಸಿ ಒಣಗಿಸುತ್ತೆ, ಅಷ್ಟೇ. ನೀರು ಹೋದದ್ದಕ್ಕೆ ಗಾತ್ರ ಕಡಿಮೆ ಆಗಿರುತ್ತೆ. ಆ ಪುಡಿಯನ್ನ ಒಂದು ಹಿಡಿ ನೆನೆಸಿ, ಕವರ್‌ನಲ್ಲಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ. ಹುಳಿ ನಾತ ಹೊಡೆದರೆ ಅದಿನ್ನೂ ಗೊಬ್ಬರ ಆಗಿಲ್ಲ, ಗಿಡಕ್ಕೆ ಹಾಕಿದರೆ ಬೇರು ಸುಡುತ್ತೆ. ಇನ್ನೂ ನಾಲ್ಕಾರು ವಾರ ಮಾಗಿಸೋಕೆ ಜಾಗ ಬೇಕೇ ಬೇಕು, ಯಂತ್ರ ಕೊಳ್ಳೋ ಮುಂಚೆ ಆ ಜಾಗ ಎಲ್ಲಿ ಅಂತ ಅಸೋಸಿಯೇಷನ್ ಸಭೆಯಲ್ಲಿ ತೀರ್ಮಾನ ಮಾಡಿ.

ಕೊನೆಗೆ ಆಯುಧಪೂಜೆ. ವರ್ಷದಲ್ಲಿ ಒಂದೆರಡು ದಿನ ಊರಿನ ಹಸಿ ಕಸ ದಿಢೀರನೆ ಏರೋದು ಆಗಲೇ: ಬೀದಿ ಬೀದಿಗೆ ಒಡೆದ ಬೂದುಗುಂಬಳ, ಗಾಡಿಗೆ ಕಟ್ಟಿದ ಬಾಳೆಕಂದು, ಚೆಂಡು ಹೂವಿನ ಹಾರ. ಇಷ್ಟೂ ಒಳ್ಳೇ ಗೊಬ್ಬರ ಆಗೋ ವಸ್ತು. ಆದರೆ ಬಾಳೆಕಂಬವನ್ನ ಇಡೀದಾಗಿ ಚೂರು ಮಾಡೋ ಶ್ರೆಡ್ಡರ್ ಯಂತ್ರಕ್ಕೆ ಹಾಕಿದರೆ ನಾರು ಶಾಫ್ಟ್‌ಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತೆ, ಒಳಗೆ ಕೈ ಹಾಕಿ ಮಚ್ಚಲ್ಲಿ ಕುಯ್ದು ಬಿಡಿಸಬೇಕು. ಹಾರದ ನೈಲಾನ್ ದಾರವೂ ಅಷ್ಟೇ. ಕಂಬವನ್ನ ಉದ್ದಕ್ಕೆ ಸೀಳಿ ಗೇಣುದ್ದ ತುಂಡು ಮಾಡಿ, ಎರಡು ಪಾಲು ಬಾಳೆಗೆ ಒಂದು ಪಾಲು ತರಗೆಲೆ ಹಾಕಿ ನೇರ ದಿಣ್ಣೆಗೆ ಸೇರಿಸೋದು ವಾಸಿ. ಇದಕ್ಕೆ ಆ ಒಂದೆರಡು ದಿನ ವಲಯಕ್ಕೊಂದು ಬೇರೆ ಲಾರಿ, ನಾಲ್ಕು ಜನ ಮಚ್ಚು ಹಿಡಿಯೋರು ಇದ್ದರೆ ಸಾಕು. ದಸರಾ ಸಭೆಗಳಲ್ಲಿ ದೀಪಾಲಂಕಾರದ ಚರ್ಚೆ ಮುಗಿದ ಮೇಲೆ ಐದು ನಿಮಿಷ ಮಿಕ್ಕಿದರೆ ಯಾರಾದರೂ ಈ ಬಾಳೆಕಂಬದ ವಿಚಾರವನ್ನೂ ಎತ್ತಲಿ.