ಹತ್ತು ಮನೆಗೆ ಕರೆಂಟ್, ತೊಂಬತ್ತು ಮನೆಗೆ ವ್ಯಾಖ್ಯಾನ

ಒಂದು ಹಳ್ಳಿಗೆ ಕರೆಂಟ್ ಕೊಡಬೇಕು ಅಂದರೆ ಕಂಬ ಬೇಕು, ತಂತಿ ಬೇಕು, ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ ಬೇಕು, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಬೇಕು. ಎಲ್ಲಕ್ಕೂ ದುಡ್ಡು. ಇದಕ್ಕಿಂತ ಅಗ್ಗದಲ್ಲಿ ಹಳ್ಳಿ ಬೆಳಗಿಸುವ ವಿದ್ಯೆಯೊಂದು ನಮ್ಮ ದೇಶಕ್ಕೆ ಬಹಳ ಹಿಂದೆಯೇ ಒಲಿದಿದೆ. ಅದಕ್ಕೆ ಒಂದು ಹಾಳೆ, ಒಂದು ಪೆನ್ನು, ‘ವಿದ್ಯುದೀಕರಣಗೊಂಡ ಹಳ್ಳಿ ಎಂದರೆ’ ಅಂತ ಶುರುವಾಗುವ ಒಂದು ವಾಕ್ಯ ಇದ್ದರೆ ಸಾಕು.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. 1997ರವರೆಗೆ ನಮ್ಮಲ್ಲಿದ್ದ ಲೆಕ್ಕ ಹೀಗಿತ್ತು: ಹಳ್ಳಿಯ ಕಂದಾಯ ಗಡಿಯೊಳಗೆ ಎಲ್ಲಾದರೂ, ಯಾವ ಕೆಲಸಕ್ಕಾದರೂ ಕರೆಂಟ್ ಬಳಕೆಯಾದರೆ ಆ ಹಳ್ಳಿಗೆ ಕರೆಂಟ್ ಬಂದ ಹಾಗೆ. ಅಂದರೆ ಗೌಡರ ತೋಟದ ಮೂಲೆಯಲ್ಲಿ ಒಂದು ಪಂಪ್‌ಸೆಟ್ ಗುಂಯ್ ಅಂದಿತೋ, ಎರಡು ಮೈಲಿ ಆಚೆ ಸೀಮೆಎಣ್ಣೆ ಬುಡ್ಡಿಯ ಮುಂದೆ ಮಗ್ಗಿ ಕಲಿಯುತ್ತಿದ್ದ ಹುಡುಗಿಯ ಮನೆಯೂ ಬೆಳಗಿತು. ಆಮೇಲೆ ಯಾರಿಗೋ ನಾಚಿಕೆಯಾಗಿರಬೇಕು. ಬಳಕೆ ಜನ ವಾಸ ಮಾಡುವ ಜಾಗದಲ್ಲೇ ಆಗಿರಬೇಕು ಅಂತ ತಿದ್ದಿದರು. ಪಂಪ್‌ಸೆಟ್ಟಿಗಿದ್ದ ಗೌರವ ಊರೊಳಗಿನ ಒಂದು ಬಲ್ಬಿಗೆ ವರ್ಗವಾಯಿತು.

2004ರಲ್ಲಿ ಇನ್ನೂ ಬಿಗಿ ಮಾಡಿದರು. ಊರಿಗೂ ದಲಿತರ ಕೇರಿಗೂ ಲೈನು, ಟಿಸಿ ಬಂದಿರಬೇಕು. ಶಾಲೆ, ಪಂಚಾಯ್ತಿ, ಆರೋಗ್ಯ ಕೇಂದ್ರಗಳಿಗೆ ಕರೆಂಟ್ ಕೊಟ್ಟಿರಬೇಕು. ಮನೆಗಳ ಪೈಕಿ ಕನಿಷ್ಠ ನೂರಕ್ಕೆ 10ಕ್ಕೆ ಸಂಪರ್ಕ ಇರಬೇಕು. ಉಳಿದ 90 ಮನೆಯವರು ಕಿಟಕಿ ತೆಗೆದರೆ ಆ 10 ಮನೆಯ ಬೆಳಕು ಕಾಣುತ್ತದಲ್ವಾ? ಸಾಕು. ದಿನಕ್ಕೆ ಎಷ್ಟು ಗಂಟೆ ಕರೆಂಟ್ ಇರಬೇಕು ಅನ್ನುವುದು ಮಾತ್ರ ವ್ಯಾಖ್ಯಾನದಲ್ಲಿ ಇಲ್ಲ. ಹೆಣ್ಣು ನೋಡುವಾಗ ಗಂಡಿನ ಸಂಬಳ ಕೇಳಬಾರದು ಅಂತಾರಲ್ಲ, ಹಾಗೆ ಇದೂ ಒಂದು ಮರ್ಯಾದೆ ಇರಬೇಕು.

ಈ ಲೆಕ್ಕದ ಪ್ರಕಾರ 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ಕರೆಂಟ್ ಬಂದು ದೇಶದ ಕತ್ತಲು ಮುಗಿಯಿತು. ಅಷ್ಟರಲ್ಲಿ ಮನೆ ಮನೆಗೂ ಸಂಪರ್ಕ ಕೊಡುವ ಯೋಜನೆಯೂ ಶುರುವಾಗಿತ್ತು ಅನ್ನಿ, ಕೋಟ್ಯಂತರ ಮನೆಗೆ ಮೀಟರೂ ಬಂತು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಮೀಟರ್ ತಿರುಗುವುದು ಬೇರೆ ವಿಷಯ.

ಇದರಲ್ಲಿ ಪಕ್ಷಭೇದ ಹುಡುಕಬೇಡಿ. 2012ರ ಜುಲೈ 30ಕ್ಕೆ ಉತ್ತರ ಭಾರತದ ಗ್ರಿಡ್ ಮಲಗಿತು. ಮರುದಿನ ಪೂರ್ವ, ಈಶಾನ್ಯ ಗ್ರಿಡ್‌ಗಳನ್ನೂ ಜತೆಗೆ ಕರೆದುಕೊಂಡು ಮಲಗಿತು. 60 ಕೋಟಿಗೂ ಜಾಸ್ತಿ ಜನ ಬದುಕುವ ರಾಜ್ಯಗಳಲ್ಲಿ ಕರೆಂಟ್ ಇಲ್ಲ. ಅದೇ ದಿನ ಇಂಧನ ಸಚಿವ ಸುಶೀಲ್ ಕುಮಾರ್ ಶಿಂದೆ ಅವರಿಗೆ ಬಡ್ತಿ ಸಿಕ್ಕಿ ಗೃಹ ಸಚಿವರಾದರು. ಕತ್ತಲಾದ ಖಾತೆ ಹೆಚ್ಚುವರಿ ಹೊಣೆಯಾಗಿ ನಮ್ಮ ವೀರಪ್ಪ ಮೊಯ್ಲಿಯವರ ಮಡಿಲಿಗೆ ಬಿತ್ತು. ಫ್ಯೂಸ್ ಹಾಕಲು ಬಂದ ಲೈನ್‌ಮನ್ ಊರಿಗೆ ಊರೇ ಕತ್ತಲು ಮಾಡಿದರೆ ಅವನನ್ನು ಎಲ್ಲಿಗೆ ಕಳಿಸುತ್ತಿದ್ದರೋ ನನಗೆ ಗೊತ್ತು.

ಇರಲಿ. ವ್ಯಾಖ್ಯಾನ ಓದಲು ಬಾರದ ಕೆಲವು ವಸ್ತುಗಳಿವೆ, ಸಮಸ್ಯೆ ಬರುವುದೇ ಅವುಗಳಿಂದ. ಅದರಲ್ಲಿ ಮೊದಲನೆಯದು ಲಸಿಕೆ ಇಡುವ ಫ್ರಿಜ್ಜು.

ಈಚೆಗೆ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಅಲ್ಲಿ ಮೂಲೆಯಲ್ಲಿ ಬಿಳಿ ಪೆಟ್ಟಿಗೆಯ ಥರದ ಫ್ರಿಜ್ಜು, ಬಾಗಿಲು ಮೇಲಕ್ಕೆ ತೆಗೆಯುವಂಥದ್ದು. ಐಎಲ್‌ಆರ್ ಅಂತಾರೆ. ಒಳಗೆ ಸುತ್ತ ಮಂಜಿನ ಗೋಡೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ಲಸಿಕೆಯನ್ನು 2ರಿಂದ 8 ಡಿಗ್ರಿ ನಡುವೆ ಇಟ್ಟುಕೊಳ್ಳುತ್ತದೆ. ನಮ್ಮ ಲೋಡ್ ಶೆಡ್ಡಿಂಗನ್ನು ಹುಟ್ಟಾ ಬಲ್ಲ ಯಂತ್ರ, ಪಾಪ. ಅದರ ಮೇಲೊಂದು ರಿಜಿಸ್ಟರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣತೆ ನೋಡಿ ಬರೆಯಬೇಕು. ಪುಟ ತಿರುವಿದೆ. 4, 4, 4, 4. ತಿಂಗಳಿಡೀ ಒಂದೇ ಶಾಯಿ, ಒಂದೇ ಓರೆ. 31ನೇ ತಾರೀಖಿಗೂ 4 ಅಂತ ಬರೆದಿತ್ತು, ಅವತ್ತಿನ್ನೂ 29.

“ಏನು ಸಿಸ್ಟರ್, ದಿನಾ ನಾಲ್ಕೇ ಡಿಗ್ರಿನಾ?” ಅಂದೆ.

“ಬೇರೆ ಏನು ಬರೆದರೂ ಮೇಲಿಂದ ಫೋನ್ ಬರುತ್ತೆ ಸಾರ್. ನಾಲ್ಕು ಅಂತ ಬರೆದರೆ ಯಾರೂ ಕೇಳಲ್ಲ.”

ಈಯಮ್ಮ ಕಳ್ಳಿಯಲ್ಲ. ಹಿಂದಿನ ಮಳೆಗಾಲದಲ್ಲಿ ಕಂಬ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ, ಲಸಿಕೆಯನ್ನೆಲ್ಲ ಐಸ್‌ಪ್ಯಾಕ್ ಹಾಕಿದ ಡಬ್ಬಕ್ಕೆ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿದವರು ಇವರೇ. ಬಸ್ ಚಾರ್ಜು ಕೈಯಿಂದಲೇ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ. ಹಾಗಾಗಿ ಆ ಮೂರು ದಿನವೂ ಖಾಲಿ ಫ್ರಿಜ್ಜು ಕರೆಂಟಿಲ್ಲದೆ 4 ಡಿಗ್ರಿಯಲ್ಲೇ ಇತ್ತು.

ಹೆರಿಗೆ ಕೋಣೆಯ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇತ್ತು. ಸ್ವಿಚ್ಚಿನ ಪಕ್ಕದಲ್ಲೇ ಮೊಳೆ, ಮೊಳೆಗೆ ಟಾರ್ಚ್ ನೇತುಹಾಕಿದ್ದರು. ದೇಶದ ಇಂಧನ ನೀತಿಯನ್ನು ಇಷ್ಟು ಚಿಕ್ಕ ಜಾಗದಲ್ಲಿ ನಾನು ಬೇರೆಲ್ಲೂ ನೋಡಿಲ್ಲ.

ವ್ಯಾಖ್ಯಾನದ ಮಾತು ಕೇಳದ ಎರಡನೆಯ ವಸ್ತು ಹೆಂಗಸರ ಪುಪ್ಪುಸ. 2016ರ ಮೇ 1ರಿಂದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟರು. ಸಂಪರ್ಕದ ಲೆಕ್ಕ ಬೋರ್ಡಿನ ಮೇಲೆ ಬಂತು, ಎರಡನೇ ಸಿಲಿಂಡರಿನ ದುಡ್ಡು ಎಲ್ಲಿಂದ ತರಬೇಕು ಅನ್ನುವುದು ಬರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ಉರುವಲಲ್ಲಿ ಅಡುಗೆ ಮಾಡುತ್ತಿದ್ದ ಹಳ್ಳಿಯ ಮನೆಗಳು ನೂರಕ್ಕೆ 43. ಉಳಿದ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಮೂಲೆಯಲ್ಲಿ ಕೂತು ಹೊಗೆ ಕುಡಿಯುತ್ತಿದೆ.

ಮೂರನೆಯದು ಹೊಟ್ಟೆ. 2019ರ ಅಕ್ಟೋಬರ್ 2ಕ್ಕೆ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆ ಮುಕ್ತ ಅಂತ ಘೋಷಣೆಯಾಯಿತು. ಮೇಲೆ ಹೇಳಿದ ಸಮೀಕ್ಷೆಯವರು ಮನೆ ಮನೆಗೆ ಹೋಗಿ ಕೇಳಿದಾಗ ದೇಶದಲ್ಲಿ ನೂರಕ್ಕೆ 19 ಮನೆಯವರು ಶೌಚಾಲಯವನ್ನೇ ಬಳಸುತ್ತಿರಲಿಲ್ಲ. ಪೇಪರ್ ಓದುವ ಅಭ್ಯಾಸ ಇಲ್ಲ ಅಂತ ಕಾಣುತ್ತದೆ.

ಆದರೆ ಇವೆಲ್ಲಕ್ಕಿಂತ ಹಟಮಾರಿ ಇನ್ನೊಂದಿದೆ. ಅದೇ ಸಿಸ್ಟರ್ ಪೋಲಿಯೊ ಹನಿಯ ಬಾಟಲಿ ತೆಗೆದು ತೋರಿಸಿದರು. ಅದರ ಮೇಲೆ ಉಗುರಿನಷ್ಟು ಚೀಟಿ. ಒಂದು ವೃತ್ತ, ನಡುವೆ ಬೆಳ್ಳಗಿನ ಚೌಕ. ಲಸಿಕೆಗೆ ಶೆಕೆ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾಯಿತೋ, ಆ ಬಾಟಲಿ ಎಸೆಯಬೇಕು. ಮತ್ತೆ ತಣ್ಣಗೆ ಇಟ್ಟರೂ ಬೆಳ್ಳಗಾಗುವುದಿಲ್ಲ. ಫೋನ್ ಮಾಡಿ ಗದರಿಸುವ ಹಾಗಿಲ್ಲ, ವರ್ಗ ಮಾಡುವ ಹಾಗಿಲ್ಲ, 4 ಅಂತ ಬರೆಸುವ ಹಾಗಂತೂ ಇಲ್ಲವೇ ಇಲ್ಲ. ಸರ್ಕಾರಿ ವ್ಯವಸ್ಥೆಯೊಳಗೆ ಇಂಥ ಶಿಸ್ತುಗೇಡಿಯನ್ನು ಯಾರು ಬಿಟ್ಟರೋ!

ಇದಕ್ಕೂ ಒಂದು ದಾರಿ ಇದೆ, ಖರ್ಚೂ ಕಡಿಮೆ. ಕಂಬ ಬೇಡ, ತಂತಿ ಬೇಡ, ಜನರೇಟರ್ ಬೇಡ. ಚೀಟಿ ಅಚ್ಚು ಹಾಕುವಾಗ ಹೊರಗಿನ ವೃತ್ತವನ್ನೇ ಇದ್ದಿಲಿನಷ್ಟು ಕಪ್ಪು ಮಾಡಿಬಿಡಲಿ. ಚೌಕ ಎಷ್ಟು ಕಪ್ಪಾದರೂ ಅದನ್ನು ಮುಟ್ಟುವುದಿಲ್ಲ.